ವಹಾಕಾದಲ್ಲಿ ಮೊದಲ ಮಾತು

ಶೇರ್ ಟ್ಯಾಕ್ಸಿಯಲ್ಲಿ ಡ್ರೈವರ್ ಪಕ್ಕ ನಾನು, ನನ್ನ ಹೆಂಡತಿ ಇಬ್ಬರೂ ಒತ್ತಿಕೊಂಡು ಕೂತಿದ್ದೆವು. ಹಿಂದೆ ಇನ್ನೊಂದು ಸೀಟು ಖಾಲಿ. ಅದು ತುಂಬದೆ ಗಾಡಿ ಹೊರಡುವುದಿಲ್ಲ, ನಮ್ಮೂರ ಟೆಂಪೋ ಹಾಗೆಯೇ. ಬುಟ್ಟಿ ಹಿಡಿದ ಒಬ್ಬ ಅಜ್ಜಿ ಬಂದರು. ಬಾಗಿಲು ತೆಗೆದು, ಕೂರುವ ಮೊದಲೇ ‘ಬ್ವೆನೊಸ್ ದಿಯಾಸ್’ ಎಂದರು. ಶುಭದಿನ ಅಂತ. ಒಳಗಿದ್ದವರೆಲ್ಲ ಒಟ್ಟಿಗೆ ‘ಬ್ವೆನೊಸ್ ದಿಯಾಸ್’ ಎಂದರು. ಯಾರಿಗೂ ಯಾರ ಪರಿಚಯವೂ ಇರಲಿಲ್ಲ. ನಾನು ಮಾತ್ರ ಹತ್ತುವಾಗ ಸುಮ್ನೆ ಬಂದು ಕೂತಿದ್ದೆ.

ಇದು ದಕ್ಷಿಣ ಮೆಕ್ಸಿಕೊದ ವಹಾಕಾ ನಗರ. ಫೆಬ್ರವರಿಯ ಒಣ ಬಿಸಿಲು. ಹೊರಟಿದ್ದು ಸುಮಾರು 30 ಕಿ.ಮೀ. ದೂರದ ತೆಯೊತಿತ್ಲಾನ್‌ಗೆ. ಉಣ್ಣೆಯ ಜಮಖಾನೆ ನೇಯುವವರ ಊರು ಅದು.

ದಾರಿಯಲ್ಲಿ ನನ್ನ ಪುಟ್ಟ ನೋಟ್‌ಬುಕ್ ತೆಗೆದೆ. ಸ್ಪ್ಯಾನಿಷ್ ಮಾತುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದೆ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದೂ ಇದನ್ನೇ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ನಾಲಿಗೆ ‘ಟಾರ್ಡೆಸ್’ ಅನ್ನುತ್ತದೆ. ಅವರು ಹೇಳುವುದು ನಮ್ಮ ತ, ದ ಹಾಕಿ ‘ತಾರ್ದೆಸ್’. ಇಂಗ್ಲಿಷಿನ ಎಚ್ ಅಕ್ಷರ ಬರೆದಿದ್ದರೂ ಬಾಯಲ್ಲಿ ಬರುವುದಿಲ್ಲ, ಹಲೋ ಅನ್ನಲು ‘ಓಲಾ’ ಅಷ್ಟೇ. ಎರಡು ಎಲ್ ಅಕ್ಕಪಕ್ಕ ಬಂದರೆ ಇಲ್ಲಿ ‘ಯ’.

ಮಧ್ಯಾಹ್ನ ಹನ್ನೆರಡರವರೆಗೆ ‘ಬ್ವೆನೊಸ್ ದಿಯಾಸ್’. ಆಮೇಲೆ ಕತ್ತಲಾಗುವವರೆಗೆ ‘ಬ್ವೆನಾಸ್ ತಾರ್ದೆಸ್’. ನಂತರ ‘ಬ್ವೆನಾಸ್ ನೋಚೆಸ್’. ಇದು ಮಲಗಲು ಹೋಗುವಾಗ ಹೇಳುವ ಶುಭರಾತ್ರಿ ಮಾತ್ರ ಅಲ್ಲ. ರಾತ್ರಿ ಊಟಕ್ಕೆ ಹೋಟೆಲ್ ಒಳಗೆ ಕಾಲಿಡುವಾಗಲೂ ಇದನ್ನೇ ಹೇಳುವುದು.

ನೇಕಾರರ ಮನೆಯ ಅಂಗಳದಲ್ಲಿ ಮಗ್ಗದ ಸದ್ದು. ಹಿರಿಯರೊಬ್ಬರು ಕಾಲಲ್ಲಿ ಪೆಡಲ್ ಒತ್ತುತ್ತಾ ನೇಯುತ್ತಿದ್ದರು. ಈ ಸಲ ನಾನೇ ಮೊದಲು ‘ಬ್ವೆನೊಸ್ ದಿಯಾಸ್, ಸೆನ್ಯೋರ್’ ಎಂದೆ. ಅವರು ಕೈ ಒರೆಸಿಕೊಂಡು ಎದ್ದು ಬಂದರು. ‘ಮೆ ಯಾಮೊ’ ಎಂದು ನನ್ನ ಹೆಸರು ಹೇಳಿದೆ. ‘ಮೂಚೊ ಗೂಸ್ತೊ’ ಎನ್ನುತ್ತಾ ಕೈ ಕುಲುಕಿದರು. ನಿಮ್ಮನ್ನು ಕಂಡು ಸಂತೋಷ ಅಂತ. ‘ಇಗ್ವಾಲ್‌ಮೆಂತೆ’ ಎಂದೆ. ನನಗೂ ಅಷ್ಟೇ ಅಂತ.

‘ದೆ ದೋಂದೆ ಎಸ್ ಉಸ್ತೆದ್?’ ಎಂದು ಕೇಳಿದರು. ನೀವು ಎಲ್ಲಿಯವರು? ‘ಉಸ್ತೆದ್’ ನಮ್ಮ ‘ನೀವು’ ಇದ್ದಂತೆ, ‘ತೂ’ ಅಂದರೆ ‘ನೀನು’. ಹಿರಿಯರಿಗೆ, ಹೊಸಬರಿಗೆ ಉಸ್ತೆದ್. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಾನು ‘ಸೊಯ್ ಇಂದಿಯೊ’ ಎಂದೆ. ಅವರ ಮುಖದ ನಗು ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ, ಒಂದೊಂದೇ ಪದ ಬಿಡಿಸಿ, ‘ಉಸ್ತೆದ್ ಎಸ್ ದೆ ಲಾ ಇಂದಿಯಾ’ ಎಂದರು. ನೀವು ಇಂಡಿಯಾದಿಂದ ಬಂದವರು. ಅವರ ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. 1492ರಲ್ಲಿ ಕೊಲಂಬಸ್ ತಾನು ಮುಟ್ಟಿದ್ದು ಇಂಡಿಯಾ ಕಡೆಯ ನೆಲ ಅಂದುಕೊಂಡು ಅಮೆರಿಕ ಖಂಡದ ಮೂಲ ಜನರಿಗೆ ಆ ಹೆಸರಿಟ್ಟ. ಇವತ್ತಿಗೂ ‘ಇಂದಿಯೊ’ ಎನ್ನುವುದನ್ನು ಇಲ್ಲಿ ಬೈಗುಳವಾಗಿ ಬಳಸುತ್ತಾರೆ. ಈ ಮನೆಯವರು ಆ ಮಾತು ಕೇಳಿಸಿಕೊಂಡೇ ಬೆಳೆದವರು. ನನ್ನ ದೇಶದ ಹೆಸರು ಇಷ್ಟು ದೂರದ ಜನರಿಗೆ ಚುಚ್ಚುವ ಮಾತಾಗಿದೆ ಎಂದು ಕೇಳಿ ನನಗೆ ತುಂಬ ನೋವಾಯಿತು. ನೋಟ್‌ಬುಕ್‌ನಲ್ಲಿ ಆ ಸಾಲು ಹೊಡೆದು ಹಾಕಿ ‘ಸೊಯ್ ದೆ ಲಾ ಇಂದಿಯಾ’ ಎಂದು ಬರೆದುಕೊಂಡೆ.

ಅಪ್ಪ ಮಗಳು ತಮ್ಮತಮ್ಮಲ್ಲಿ ಮಾತಾಡುತ್ತಿದ್ದದ್ದು ಸಪೊತೆಕ್, ಇಲ್ಲಿನ ಮೂಲ ಜನರ ಭಾಷೆ. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆಯೇ. ಅದಕ್ಕೇ ಇರಬೇಕು, ನನ್ನ ತಡವರಿಕೆಗೆ ಅಷ್ಟು ತಾಳ್ಮೆ ತೋರಿದರು. ಆಮೇಲೆ ಪಾಪಾಸುಕಳ್ಳಿಯ ಮೇಲಿದ್ದ ಬೂದಿ ಬಣ್ಣದ ಸಣ್ಣ ಹುಳು ತೆಗೆದು ನನ್ನ ಅಂಗೈಯಲ್ಲಿಟ್ಟು ಒತ್ತಿದರು. ಕುಂಕುಮದಂಥ ಗಾಢ ಕೆಂಪು! ಮೇಲೆ ನಿಂಬೆರಸ ಹಿಂಡಿದರೆ ಅದೇ ಕೆಂಪು ಕಿತ್ತಳೆಗೆ ತಿರುಗಿತು. ಜಮಖಾನೆಯ ಕೆಂಪು ಇದರದ್ದೇ.

ಸಂಜೆ ವಾಪಸಾಗುವಾಗ ಟ್ಯಾಕ್ಸಿ ಬಾಗಿಲು ತೆಗೆದು ‘ಬ್ವೆನಾಸ್ ತಾರ್ದೆಸ್’ ಎಂದೆ. ಒಳಗಿದ್ದವರೆಲ್ಲ ಮರುನುಡಿದರು.

ವಹಾಕಾ ನಗರಕ್ಕೆ ಬಂದು ಬೆನಿತೊ ಹ್ವಾರೆಸ್ ಮಾರುಕಟ್ಟೆಗೆ ಹೋದೆವು. ಹಣ್ಣಿನ ಅಂಗಡಿಯಮ್ಮನಿಗೆ ನಮಸ್ಕಾರ ಹೇಳಿ, ಕಂದು ಬಣ್ಣದ ಒಂದು ಹಣ್ಣು ತೋರಿಸಿ ‘ಕೋಮೊ ಸೆ ಯಾಮಾ?’ ಎಂದೆ. ಮನುಷ್ಯರಿಗೆ ‘ನಿಮ್ಮ ಹೆಸರೇನು’ ಎನ್ನಲು ಕಲಿತ ಮಾತೇ ಹಣ್ಣಿಗೂ ಸಾಕು.

‘ಚಿಕೊಸಪೋತೆ’ ಎಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಮೈಸೂರಿನವನು, ಸಪೋಟ ಅನ್ನುತ್ತೇನೆ. ನನ್ನ ಹೆಂಡತಿ ಹುಬ್ಬಳ್ಳಿಯವಳು, ಚಿಕ್ಕು ಅನ್ನುತ್ತಾಳೆ. ಎರಡೂ ಈ ಒಂದೇ ಹೆಸರಿನ ತುಂಡುಗಳು! ಬೆಳಿಗ್ಗೆ ಕಂಡ ಸಪೊತೆಕ್ ಜನರ ಹೆಸರಿನಲ್ಲೂ ಇದೇ ಸಪೋತೆ ಇದೆ. ಅಂಗಡಿಯಮ್ಮ ಒಂದು ಹಣ್ಣು ಹೋಳು ಮಾಡಿ ಕೊಟ್ಟರು. ಅದೇ ಮರಳು ಮರಳಾದ ಸಿಹಿ, ಅದೇ ಮಿರುಗುವ ಕಪ್ಪು ಬೀಜ. ‘ಮೇದಿಯೊ ಕೀಲೊ, ಪೊರ್ ಫವೋರ್’, ದಯವಿಟ್ಟು ಅರ್ಧ ಕಿಲೋ, ಎಂದಳು ನನ್ನ ಹೆಂಡತಿ.