ಕುಂದಾಪುರದ ಕೋಡಿಯ ಬಂಡೆ ಮೇಲೆ ಎರಡು ದಿನ: ಜೀವಂತ ಎರೆ ಹಾಕಿ ಮೀನು ಹಿಡಿಯಲು ಹೊರಟವರಿಗೆ

ಮೊದಲ ದಿನ ಬೆಳಿಗ್ಗೆ 9 ಗಂಟೆಗೆ ನನ್ನ ಬಕೆಟ್‌ನಲ್ಲಿದ್ದ 18 ಸಿಗಡಿಗಳಲ್ಲಿ 14 ಸತ್ತು ಬಿಳಿಚಿಕೊಂಡಿದ್ದವು. ಗಾಳ ಇನ್ನೂ ನೀರಿಗೆ ಬಿದ್ದಿರಲಿಲ್ಲ. ಹತ್ತಿರದಲ್ಲೇ ಬಲೆ ಮಡಚುತ್ತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, "ಹ್ವಾಯ್, ಇದ್ ಎಲ್ಲಾ ಸತ್ತ್ ಹೋಯ್ತಲೆ ಮಾರಾಯ್ರೆ" ಅಂದರು. ಬೆಂಗಳೂರಿನಿಂದ ರಾತ್ರಿಯಿಡೀ ರೈಲಿನಲ್ಲಿ ಬಂದವನಿಗೆ ಕುಂದಾಪುರದ ಮೊದಲ ಸ್ವಾಗತ ಇದು.

ರಾಡ್ ಯಾವುದು, ರೀಲ್ ಯಾವುದು ಅಂತ ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಎರೆಯನ್ನು ಹೇಗೆ ಬದುಕಿಸಿ ಇಟ್ಟುಕೊಳ್ಳುವುದು ಅಂತ ಎರಡು ನಿಮಿಷವೂ ಯೋಚಿಸಿರಲಿಲ್ಲ. ನೀವು ಹೋಗುವುದಾದರೆ ಇದನ್ನು ಉಲ್ಟಾ ಮಾಡಿ.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಒಟ್ಟಾಗಿ ಸಮುದ್ರ ಸೇರುವ ಜಾಗ ಪಂಚಗಂಗಾವಳಿ. ಅಳಿವೆಯ ಉತ್ತರಕ್ಕೆ ಗಂಗೊಳ್ಳಿ, ದಕ್ಷಿಣಕ್ಕೆ ಕೋಡಿ. ಎರಡೂ ಕಡೆ ಸಮುದ್ರದೊಳಗೆ ಅಲೆ ತಡೆಯಲು ಹಾಕಿದ ಕಲ್ಲಿನ ಬ್ರೇಕ್‌ವಾಟರ್ ಇದೆ. ಕೋಡಿ ಕಡೆಯದರ ಮೇಲೆ ನಡೆದಾಡಲು ಸೀ ವಾಕ್ ಮಾಡಿದ್ದಾರೆ. ಒಳಗಿನ ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ. ಸಣ್ಣ ಮೀನು, ಸಿಗಡಿ ಬೆಳೆಯುವುದು ಆ ಬೇರುಗಳ ನಡುವೆ. ನೀರು ಇಳಿಯುವಾಗ ಅವೆಲ್ಲ ಅಳಿವೆಯ ಕಡೆ ಹೊರಬರುತ್ತವೆ. ದೊಡ್ಡ ಮೀನು ಕಲ್ಲಿನ ಮರೆಯಲ್ಲಿ ಕಾಯುತ್ತಾ ಇರುತ್ತದೆ. ದೋಣಿ ಇಲ್ಲದೆ ದಡದಿಂದಲೇ ಗಾಳ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಾ?

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಿನ ಜಾವ ಕುಂದಾಪುರ. ಸ್ಟೇಷನ್ ಇರುವುದು ಊರೊಳಗಲ್ಲ, ಮೂಡ್ಲಕಟ್ಟೆಯಲ್ಲಿ. ಆಟೋವನ್ನು ಮೊದಲೇ ಹೇಳಿಟ್ಟಿದ್ದರೆ ಒಳ್ಳೆಯದು. ರಾಡ್ ಮುರಿಯದಂತೆ ತರಲು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪ್ ಸಾಕು, ಎರಡು ಕಡೆ ಮುಚ್ಚಳ ಹಾಕಿ. ಪಕ್ಕದ ಬರ್ತ್‌ನವರು ಪ್ಲಂಬರ್ ಅಂದುಕೊಂಡರು, ಅಷ್ಟೇ.

ಇನ್ನು ಸಾಮಾನು. 9 ಅಡಿಯ ಮಧ್ಯಮ ಗಟ್ಟಿ ರಾಡ್, 4000 ಸೈಜಿನ ರೀಲ್, 30 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ) ದಾರ. ತುದಿಗೆ ಒಂದು ಮಾರು ಉದ್ದ ದಪ್ಪ ತಂಗುಸಿ, 50 ಪೌಂಡಿನದು. ಇದನ್ನು ಮಾತ್ರ ಬಿಡಬೇಡಿ. ನಾವು ಬಯಸಿ ಹೋಗುವ ಸೀಬಾಸ್‌ಗೆ, ಊರಿನವರ ಬಾಯಲ್ಲಿ ಕುರುಡಿಗೆ, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ ಇರುತ್ತದೆ. ತಲೆ ಕೊಡವಿದರೆ ತೆಳು ದಾರ ಕತ್ತರಿಸಿ ಹೋಗುತ್ತದೆ. ಮೀನನ್ನು ಕೈಯಲ್ಲಿ ಹಿಡಿಯುವಾಗಲೂ ಅಲ್ಲಿ ಬೆರಳು ಹಾಕಬೇಡಿ.

ಈಗ ಬಕೆಟ್ಟಿನ ವಿಷಯಕ್ಕೆ ಬರೋಣ. ನಾನು ಮಾಡಿದ ತಪ್ಪು ಒಂದಲ್ಲ. ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪನ್ನು ಮನೆಯ ಮೇಜಿನ ಮೇಲೇ ಬಿಟ್ಟು ಬಂದಿದ್ದೆ. ಸಿಗಡಿಯನ್ನು ಕೊಂಡದ್ದು ನದಿಯ ಮೇಲ್ಭಾಗದಲ್ಲಿ, ಅಲ್ಲಿ ನೀರಿಗೆ ಉಪ್ಪು ಕಡಿಮೆ. ಕೋಡಿಗೆ ಬಂದ ಕೂಡಲೇ 'ತಾಜಾ ನೀರು ಇರಲಿ' ಅಂತ ಅಷ್ಟನ್ನೂ ಚೆಲ್ಲಿ ಸಮುದ್ರದ ನೀರು ತುಂಬಿಸಿದೆ. ಆಮೇಲೆ ಬಿಸಿಲಲ್ಲಿ ಇಟ್ಟು ಚಾ ಕುಡಿಯಲು ಹೋದೆ. ಬದುಕುವುದಾದರೂ ಹೇಗೆ?

20 ಲೀಟರ್ ಬಕೆಟ್‌ಗೆ 10 ಎರೆಗಿಂತ ಜಾಸ್ತಿ ಬೇಡ. ನೀರು ಬದಲಿಸುವುದಾದರೆ ಕಾಲು ಭಾಗ ಚೆಲ್ಲಿ, ಕಾಲು ಭಾಗ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿ ಇಡಿ. ಸತ್ತದ್ದನ್ನು ಆಗಲೇ ತೆಗೆಯಿರಿ, ಒಂದು ಕೊಳೆತರೆ ನೀರೆಲ್ಲಾ ಕೆಡುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಬಕೆಟ್‌ಗೆ ಹಾಕಬೇಡಿ. ಸಣ್ಣ ಪಂಪ್ ಇದ್ದರೆ ಅರ್ಧ ತಲೆನೋವು ಕಡಿಮೆ. ಬ್ಯಾಟರಿ ಎರಡು ಜೊತೆ ಜಾಸ್ತಿ ಇರಲಿ.

ಮರುದಿನ ಅದೇ ಹಿರಿಯರು ಬೀಸುಬಲೆ ಹಿಡಿದು ಬಂದರು. ನನ್ನ ಹತ್ತಿರವೂ ಒಂದು ಹೊಸ ಬಲೆ ಇತ್ತು. ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ಅಭ್ಯಾಸ ಮಾಡಿದ್ದೆ. ನೀರಲ್ಲಿ ಎಸೆದರೆ ಬಾಳೆಹಣ್ಣಿನ ಆಕಾರದಲ್ಲಿ ಬಿತ್ತು. ಅವರು ಎಸೆದದ್ದು ದುಂಡಗೆ ಬಿಚ್ಚಿಕೊಂಡಿತು, ಬೆರಳುದ್ದದ ಮಾಲ ಮೀನು ಏಳೆಂಟು ಬಂದವು. ಎರಡನೇ ಬೀಸಿಗೆ ನಾಲ್ಕು ಸಿಗಡಿ. ಅಲ್ಲಿನವರು ಶೆಟ್ಲಿ ಅನ್ನುತ್ತಾರೆ, ಅಂಗಡಿಯಲ್ಲಿ ಕೇಳುವಾಗ ಆ ಮಾತೇ ಬಳಸಿ. ನಾನು 200 ರೂಪಾಯಿ ಕೊಟ್ಟೆ, ಬೇಡ ಬೇಡ ಅಂದು ಆಮೇಲೆ ತಗೊಂಡರು. ಬಲೆ ಬೀಸಲು ಬಾರದಿದ್ದರೆ ನಾಚಿಕೆ ಬಿಟ್ಟು ಊರಿನವರನ್ನು ಕೇಳುವುದೇ ಸರಿ.

ತಕ್ಷಣ ಗಾಳ ಬಿಡೋಣ ಅಂತ ಹೊರಟೆ. "ಈಗ್ ಬ್ಯಾಡ. ನೀರ್ ತಿರ್ಗುಕೆ ಇನ್ನೂ ಒಂದ್ ಗಂಟಿ ಇತ್ತ್" ಅಂದರು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನ ಹೊತ್ತಿಗಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜೋರು, ಅಷ್ಟಮಿ ಹೊತ್ತಿಗೆ ಮಂದ. ರಜೆ ಹಾಕುವ ಮೊದಲು ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ, ಮೊಬೈಲ್‌ನಲ್ಲಿ ಉಬ್ಬರ ಇಳಿತದ ಪಟ್ಟಿ ನೋಡಿ. ಇಳಿತ ಶುರುವಾಗುವ ಹೊತ್ತು ಮುಂಜಾನೆಗೋ ಮುಸ್ಸಂಜೆಗೋ ಬೀಳುವ ದಿನ ಆರಿಸಿಕೊಳ್ಳಿ. ನಾನು ಶನಿವಾರ ಅಂತ ಹೋಗಿದ್ದೆ. ಮೀನಿಗೆ ಶನಿವಾರ ಗೊತ್ತಾ?

ಎರೆ ಚುಚ್ಚುವುದರಲ್ಲಿ ನಾಜೂಕು ಬೇಕು. ಸಿಗಡಿಯ ತಲೆಯ ಮೇಲೆ ಗರಗಸದಂಥ ಕೊಂಬು ಇದೆಯಲ್ಲ, ಅದರ ಬುಡದಲ್ಲಿ ಗಾಳ ದಾಟಿಸಬೇಕು. ಸ್ವಲ್ಪ ಹಿಂದೆ ಚಿಪ್ಪಿನೊಳಗೆ ಕಪ್ಪು ಕಲೆ ಕಾಣುತ್ತದೆ. ಅದಕ್ಕೆ ತಾಗಿತೋ, ಆಗಲೇ ಸತ್ತಿತು ಅಂತ ಲೆಕ್ಕ. ಮಾಲ ಮೀನಾದರೆ ಸೆಳೆತ ಜೋರಿರುವಾಗ ಮೇಲ್ತುಟಿಗೆ ಚುಚ್ಚಿ, ನೀರಿಗೆ ಎದುರಾಗಿ ಸಹಜವಾಗಿ ಈಜುತ್ತದೆ. ನೀರು ನಿಂತಂತಿದ್ದರೆ ಬೆನ್ನಿನ ರೆಕ್ಕೆಯ ಹತ್ತಿರ, ಬೆನ್ನುಮೂಳೆಗೆ ತಾಗದಂತೆ. ಎಸೆಯುವಾಗ ಬೌಲಿಂಗ್ ಮಾಡಿದಂತೆ ಬೀಸಬೇಡಿ, ಎರೆ ಕಿತ್ತು ಬೇರೆ ಕಡೆ ಹಾರುತ್ತದೆ. ಮೆಲ್ಲಗೆ ತೂಗಿ ಬಿಡಿ. ಬ್ರೇಕ್‌ವಾಟರ್‌ನಲ್ಲಂತೂ ದೂರ ಎಸೆಯುವ ಅಗತ್ಯವೇ ಇಲ್ಲ, ಮೀನು ಇರುವುದು ಕಲ್ಲಿನ ಬುಡದಲ್ಲೇ.

ಸೀಸ ಕಟ್ಟಿ ತಳಕ್ಕೆ ಬಿಟ್ಟರೆ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ನಾನು ಮೊದಲ ದಿನವೇ ಐದು ಸೀಸ ಕಳೆದುಕೊಂಡೆ. ಎರಡನೇ ದಿನ ಬೆಂಡು ಕಟ್ಟಿ, ಎರೆ ಒಂದೂವರೆ ಮಾರು ಆಳದಲ್ಲಿ ಇರುವಂತೆ ಮಾಡಿ ಸೆಳೆತದ ಜೊತೆ ಬಿಟ್ಟೆ. ಗಾಳ 5/0 ಸೈಜಿನ ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿರುವಂಥದ್ದು. ಇದರಲ್ಲಿ ಮೀನು ಕಚ್ಚಿದಾಗ ರಾಡ್ ಜಗ್ಗಬಾರದು. ಸುಮ್ನೆ ರೀಲ್ ಸುತ್ತುತ್ತಾ ದಾರ ಬಿಗಿ ಮಾಡಿದರೆ ಬಾಯಿಯ ಮೂಲೆಗೆ ತಾನೇ ಸಿಕ್ಕುತ್ತದೆ. ಹೇಳುವುದು ಸುಲಭ. ಬೆಂಡು ಮುಳುಗಿದಾಗ ಕೈ ತನ್ನಷ್ಟಕ್ಕೇ ಜಗ್ಗುತ್ತದೆ, ಮೊದಲ ಮೀನು ಹಾಗೇ ತಪ್ಪಿತು.

ಎರಡನೆಯದು ಸಂಜೆ ಆರರ ಸುಮಾರಿಗೆ. ಮಾಲ ಮೀನು ಹೆದರಿ ಬೆಂಡನ್ನು ಅತ್ತಿತ್ತ ಎಳೆಯತೊಡಗಿತು. ಹತ್ತಿರ ಯಾರೋ ಬಂದಿದ್ದಾರೆ ಅಂತ ಅರ್ಥ. ಜೀವಂತ ಎರೆಯ ಮಜಾ ಇರುವುದೇ ಈ ಅರ್ಧ ನಿಮಿಷದಲ್ಲಿ. ಆಮೇಲೆ 'ಟಪ್' ಅಂತ ಸದ್ದು, ಬೆಂಡು ಇಲ್ಲ. ಕುರುಡಿ ಎರಡು ಸಲ ನೀರಿನಿಂದ ಮೇಲೆ ಹಾರಿತು. ಹಾರುವಾಗ ರಾಡನ್ನು ತಗ್ಗಿಸಿ ಹಿಡಿಯಿರಿ, ಇಲ್ಲದಿದ್ದರೆ ಗಾಳ ಕೊಡವಿಕೊಂಡು ಹೋಗುತ್ತದೆ. ಕಲ್ಲಿನ ಮೇಲಿಂದ ಎತ್ತಲು ಉದ್ದ ಹಿಡಿಯ ಕೈಬಲೆ ಬೇಕೇ ಬೇಕು. ನನ್ನ ಹತ್ತಿರ ಇರಲಿಲ್ಲ, ಪಕ್ಕದ ಹುಡುಗ ತಂದುಕೊಟ್ಟ. ಸುಮಾರು 3 ಕೆಜಿ ಇತ್ತು.

ಈ ಮೀನು ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ತೀರಾ ದೊಡ್ಡದು ಸಿಕ್ಕರೆ ಫೋಟೋ ತೆಗೆದು ಬಿಟ್ಟುಬಿಡಿ, ಅದು ಮೊಟ್ಟೆ ಇಡುವ ತಾಯಿ. ನನ್ನದನ್ನು ಬಿಡಲಿಲ್ಲ. ಉಳಿದುಕೊಂಡ ಮನೆಯ ಅಮ್ಮ ಅರ್ಧ ರವಾ ಫ್ರೈ, ಅರ್ಧ ಗಸಿ ಮಾಡಿ ಕುಚ್ಚಲಕ್ಕಿ ಅನ್ನದ ಜೊತೆ ಬಡಿಸಿದರು.

ಅಪಾಯದ ಮಾತು ಹೇಳದೆ ಇರಲಾರೆ. ಕೆಳಗಿನ ಬಂಡೆಗಳು ಪಾಚಿ ಕಟ್ಟಿ ಜಾರುತ್ತವೆ. ನೀರು ಒದ್ದೆ ಮಾಡಿದ ಕಲ್ಲಿಗಿಂತ ಕೆಳಗೆ ಇಳಿಯಬೇಡಿ, ಸಮುದ್ರಕ್ಕೆ ಬೆನ್ನು ಹಾಕಬೇಡಿ. ಲೈಫ್ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್ ಇರಲಿ, ಒಬ್ಬರೇ ಹೋಗಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಆ ಕಡೆ ಗಾಳ ಹಿಡಿದು ತಲೆಯೂ ಹಾಕಬೇಡಿ. ನಾನು ಹೋದದ್ದು ನವೆಂಬರ್‌ನಲ್ಲಿ. ಮೀಸೆ ಇರುವ ಮೀನು ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಬೆನ್ನಿನ ಮತ್ತು ಪಕ್ಕದ ಮುಳ್ಳಲ್ಲಿ ವಿಷ ಇದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ ನೀರಲ್ಲಿ ಕೈ ಅದ್ದಿ ಇಟ್ಟು, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಗಂಗೊಳ್ಳಿ ಕಡೆ ಹೋದರೆ ಬೋಟುಗಳು ಬರುವ ದಾರಿಗೆ ದಾರ ಬಿಡಬೇಡಿ. ಅದು ಅವರ ಹೊಟ್ಟೆಪಾಡು, ನಮ್ಮದು ಶೋಕಿ.

ವಾಪಸ್ ಹೊರಡುವ ಮೊದಲು ರಾಡ್, ರೀಲ್ ಸಿಹಿ ನೀರಲ್ಲಿ ತೊಳೆದೆ. ಬೀಸುಬಲೆ ಮರೆತೆ. ಒದ್ದೆಯದನ್ನೇ ಚೀಲಕ್ಕೆ ತುರುಕಿ ಬರ್ತ್ ಕೆಳಗೆ ತಳ್ಳಿದ್ದೆ. ರೈಲು ಘಟ್ಟ ಹತ್ತುವಷ್ಟರಲ್ಲಿ ಎದುರಿನ ಅಜ್ಜಿ ಎದ್ದು ಕೂತು, "ಯಾರ್ರೀ ಅದು ಮೀನು ತಂದಿರೋದು?" ಅಂದರು. ನಾನು ನಿದ್ದೆ ಬಂದವನ ಹಾಗೆ ಗೋಡೆ ಕಡೆ ತಿರುಗಿದೆ.