ಬೆಳಗ್ಗೆ ಕಾಪುವಿನ ಬಂಡೆ, ಮಳೆಗಾಲಕ್ಕೆ ಮಣಿಪಾಲದ ಪಾರೆ: ಮಕ್ಕಳೊಂದಿಗೆ ಹೊರಡುವವರಿಗೆ

ಕಡಲಬಂಡೆಗಳ ನಡುವಿನ ಜೀವಿಗಳನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಶನಿವಾರ, ಭಾನುವಾರ ನೋಡಿ ದಿನ ಗೊತ್ತುಮಾಡಬೇಡಿ, ತಿಥಿ ನೋಡಿ ಗೊತ್ತುಮಾಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಟ್ಟುಗೂಡಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಉಳಿದ ದಿನಗಳಲ್ಲಿ ನೀರಿನಡಿಯಲ್ಲೇ ಇರುವ ಬಂಡೆಗಳು ಆಗ ಒಂದೆರಡು ಗಂಟೆ ಹೊರಗೆ ಕಾಣಿಸಿಕೊಳ್ಳುತ್ತವೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರವಿಳಿತದ ಅಂತರ ಹತ್ತು ಮೀಟರಿನ ಆಸುಪಾಸು ಇರುತ್ತದೆ. ನಮ್ಮ ಕರಾವಳಿಯಲ್ಲಿ ಅದು ಹೆಚ್ಚೆಂದರೆ ಒಂದೂವರೆ, ಎರಡು ಮೀಟರ್. ಅಷ್ಟರಲ್ಲೇ ನಮ್ಮ ನೋಟವೆಲ್ಲ ಮುಗಿಯಬೇಕಾದ್ದರಿಂದ ದಿನ ತಪ್ಪಿದರೆ ಅಲೆ ನೋಡಿಕೊಂಡು ವಾಪಸಾಗಬೇಕಾಗುತ್ತದೆ.

ಉಡುಪಿ, ಮಂಗಳೂರು ಕಡೆ ಅಮಾವಾಸ್ಯೆ, ಹುಣ್ಣಿಮೆಯ ದಿನ ಇಳಿತ ಬರುವುದು ಇನ್ನೂ ಬೆಳಕು ಹರಿಯದ ನಸುಕಿಗೆ, ಮತ್ತೊಂದು ಸಂಜೆಗೆ. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಬಿದಿಗೆ, ತದಿಗೆಯ ಬೆಳಗು ಮಕ್ಕಳಿಗೆ ಹೇಳಿ ಮಾಡಿಸಿದ ಹೊತ್ತು: ಬೆಳಕೂ ಇರುತ್ತದೆ, ಬಿಸಿಲೂ ಏರಿರುವುದಿಲ್ಲ. ಸರಿಯಾದ ಗಂಟೆಯನ್ನು ಮಾತ್ರ ಪಂಚಾಂಗಕ್ಕೆ ಬಿಡಬೇಡಿ. ಹೈದರಾಬಾದಿನ ಇನ್‌ಕಾಯಿಸ್ (INCOIS) ಎಂಬ ಸಾಗರ ಮಾಹಿತಿ ಸಂಸ್ಥೆ ಉಬ್ಬರವಿಳಿತದ ವೇಳೆಯನ್ನೂ ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನೂ ಪ್ರಕಟಿಸುತ್ತದೆ. ಹಿಂದಿನ ರಾತ್ರಿ ಅದನ್ನು ಒಮ್ಮೆ ನೋಡಿ ಮಲಗಿ. ಅಲೆಯ ಎಚ್ಚರಿಕೆ ಇದ್ದರೆ ಬಂಡೆಯ ಕಡೆಗೆ ಹೋಗುವುದೇ ಬೇಡ.

ನಮ್ಮ ಮನೆಯವರು ಹೋಗುವುದು ಕಾಪುವಿಗೆ. ಉಡುಪಿಯಿಂದ ಮಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಅರ್ಧ ಗಂಟೆಯೊಳಗೆ ಸಿಗುವ ಊರು, ಬಸ್ಸುಗಳಿಗೆ ಕೊರತೆಯಿಲ್ಲ, ಪೇಟೆಯಿಂದ ಕಡಲ ದಂಡೆಗೆ ಆಟೋ ಸಿಗುತ್ತದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಇಳಿದವರೇ ನೇರವಾಗಿ ಬಂಡೆಗೆ ಹೋಗುವ ಯೋಚನೆ ಬಿಡಿ. ನಿದ್ದೆಗೆಟ್ಟ ಮಕ್ಕಳು ಪಾಚಿಯ ಮೇಲೆ ಜಾರುತ್ತಾರೆ. ಹಿಂದಿನ ದಿನವೇ ಬಂದು ತಂಗಿ. ನವೆಂಬರಿನಿಂದ ಫೆಬ್ರವರಿಯವರೆಗೆ ಕಡಲು ಶಾಂತ, ನೀರು ತಿಳಿ. ಮಳೆಗಾಲದಲ್ಲಿ ದೊಡ್ಡ ಮೀನುಗಾರಿಕಾ ದೋಣಿಗಳೇ ಜೂನ್ 1ರಿಂದ ಜುಲೈ ಕೊನೆಯವರೆಗೆ ದಡದಲ್ಲಿರುತ್ತವೆ, ಮಕ್ಕಳ ಮಾತು ಹೇಳುವುದೇ ಬೇಡ.

1901ರಲ್ಲಿ ಕಟ್ಟಿದ ದೀಪಸ್ತಂಭ ಒಂದು ದೊಡ್ಡ ಬಂಡೆಯ ಮೇಲೆ ನಿಂತಿದೆ. ಪ್ರವಾಸಿಗರೆಲ್ಲ ಸಂಜೆ ಸ್ತಂಭ ನೋಡಲು ಬರುತ್ತಾರೆ, ಬೆಳಗ್ಗೆ ಜನ ವಿರಳ. ಕಡಲಿಗೆ ಮುಖ ಮಾಡಿರುವ ಪಕ್ಕಕ್ಕೆ ಹೋಗಬೇಡಿ, ಎಷ್ಟೇ ಶಾಂತವಾಗಿದ್ದರೂ ಅಲ್ಲಿ ಅಲೆ ಇದ್ದಕ್ಕಿದ್ದಂತೆ ಎದ್ದು ಹೊಡೆಯುತ್ತದೆ. ದಡದ ಕಡೆಯ ತಗ್ಗು ಬಂಡೆಗಳ ನಡುವಿನ ಗುಂಡಿಗಳು ಸಾಕು. ಬಲೆ ಬೀಸಲು ಬಂದಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, ‘ಎಷ್ಟು ಹೊತ್ತು ಬೇಕಾದರೂ ಕೂರಿ ಮಾರಾಯರೇ, ಕಡಲಿಗೆ ಬೆನ್ನು ಮಾತ್ರ ಹಾಕಬೇಡಿ’ ಎಂದರು. ಅದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಕೊಡಲಾರೆ. ಇಳಿತಕ್ಕೆ ಒಂದು ಗಂಟೆ ಮುಂಚೆ ಅಲ್ಲಿರಿ. ನೀರು ಮತ್ತೆ ಏರತೊಡಗಿದ ಅರ್ಧ ಗಂಟೆಯೊಳಗೆ, ಮಕ್ಕಳು ಎಷ್ಟೇ ಹಟ ಮಾಡಿದರೂ, ಎದ್ದು ಬನ್ನಿ.

ಮಕ್ಕಳನ್ನು ಗುಂಡಿಯಿಂದ ಗುಂಡಿಗೆ ಓಡಿಸಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಊಟದ ತಟ್ಟೆಯಷ್ಟಗಲದ ಒಂದು ಗುಂಡಿಯನ್ನು ಆರಿಸಿ ಅದರ ಮುಂದೆ ಕೂರಿಸಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಕೂರಬೇಕು. ಮೊದಲ ಐದು ನಿಮಿಷ ಅಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ಆಮೇಲೆ ಒಂದು ಬಸವನಹುಳು ತನ್ನ ಜಾತಿಗೆ ತಕ್ಕದ್ದಲ್ಲದ ವೇಗದಲ್ಲಿ ಓಡುತ್ತದೆ. ನನ್ನ ಮಗಳು ಅದನ್ನು ಕಂಡು ಕಿರುಚಿದಳು. ಅದು ಸನ್ಯಾಸಿ ಏಡಿ, ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ತನ್ನ ಮೆತ್ತನೆಯ ಹಿಂಭಾಗವನ್ನು ಸಿಕ್ಕಿಸಿಕೊಂಡು ತಿರುಗುವ ಪ್ರಾಣಿ. ಮುಟ್ಟದೆ ಕಾದರೆ ಮೊದಲು ಮೀಸೆ ಬರುತ್ತದೆ, ನಂತರ ಕಡ್ಡಿಯಂಥ ಕಾಂಡದ ತುದಿಯ ಎರಡು ಕಣ್ಣು, ಕೊನೆಗೆ ಕಾಲುಗಳು.

ಬಂಡೆಯ ಅಂಚಿಗೆ ಅಂಟಿರುವ ಬಿಳಿಯ ಒರಟು ಗುಳ್ಳೆಗಳನ್ನು ಎಲ್ಲರೂ ಕಲ್ಲೆಂದೇ ತಿಳಿದು ತುಳಿಯುತ್ತಾರೆ. ಅವು ಬಾರ್ನಕಲ್‌ಗಳು, ಸಿಗಡಿ ಏಡಿಗಳ ಸಂಬಂಧಿಗಳು. ನೀರಿನಡಿಯಲ್ಲಿರುವ ಒಂದನ್ನು ಹುಡುಕಿ, ಕೈಯಲ್ಲೊಂದು ಭೂತಗನ್ನಡಿ ಹಿಡಿದು ನೋಡಿ. ತುದಿಯ ಪುಟ್ಟ ಬಾಗಿಲು ತೆರೆಯುತ್ತದೆ, ಗರಿಯಂಥ ಕಾಲುಗಳ ಗೊಂಚಲು ಹೊರಬಂದು ನೀರನ್ನು ಒಮ್ಮೆ ಬಾಚಿ ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ತಲೆಯ ಭಾಗವನ್ನು ಕಲ್ಲಿಗೆ ಅಂಟಿಸಿಕೊಂಡು ಕಾಲಿನಿಂದ ಊಟ ಮಾಡುವ ಜೀವಿ ಎಂದು ಹೇಳಿದರೆ ಆರು ವರ್ಷದ ಮಗುವೂ ಅಲ್ಲಿಂದ ಏಳುವುದಿಲ್ಲ. ಅದರ ಪಕ್ಕದಲ್ಲೇ ಕಡಲಹೂ ಅರಳಿರಬಹುದು. ಹೂವಿನಂತೆ ಕಂಡರೂ ಅದು ಬೇಟೆಗಾರ, ದಳದಂಥ ಕರಬಳ್ಳಿಗಳಲ್ಲಿ ಕುಟುಕುವ ಕೋಶಗಳಿವೆ. ಮರಳಿನ ಬಣ್ಣದ ಗೋಬಿ ಮೀನು ಅಲುಗಿದಾಗಷ್ಟೇ ಕಾಣುತ್ತದೆ. ಬ್ಲೆನಿ ಎಂಬ ಇನ್ನೊಂದು ಮೀನು ಒಂದು ಗುಂಡಿಯಿಂದ ಇನ್ನೊಂದಕ್ಕೆ ಒದ್ದೆ ಕಲ್ಲಿನ ಮೇಲೆ ಜಿಗಿದೇ ಹೋಗುತ್ತದೆ.

ಕಲ್ಲು ಮಗುಚಿ ನೋಡಿದರೆ ಅದನ್ನು ಇದ್ದಂತೆಯೇ ಮತ್ತೆ ಇಡಬೇಕು. ಅಡಿಯಲ್ಲಿ ಬದುಕುವವು ಬಿಸಿಲಿಗೆ ಸಾಯುತ್ತವೆ, ಮೇಲೆ ಬೆಳೆದದ್ದು ಕತ್ತಲಿಗೆ ಸಾಯುತ್ತದೆ. ಚಿಪ್ಪು ಹೆಕ್ಕಿ ಮನೆಗೆ ತರುವ ಅಭ್ಯಾಸವನ್ನೂ ಇಲ್ಲೇ ಬಿಡಿಸಿ. ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮುಂದಿನ ಮನೆ. ಇದಲ್ಲದೆ ಹವಳ, ಕಡಲ ಸೌತೆ, ಕಡಲ ಕುದುರೆ, ಕೆಲವು ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ.

ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ ಇರಲಿ. ಚಪ್ಪಲಿ ಜಾರುತ್ತದೆ, ಬರಿಗಾಲನ್ನು ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಶಂಕುವಿನ ಆಕಾರದ ಚೆಂದದ ಬಸವನಹುಳು ಕಂಡರೆ ಕೈಗೆತ್ತಿಕೊಳ್ಳಬಾರದು, ಅದರ ಕುಟುಕಿನಲ್ಲಿ ವಿಷವಿದೆ. ಮರಳಿನ ನೀರಿನಲ್ಲಿ ನಡೆಯುವಾಗ ಪಾದ ಎತ್ತಿಡದೆ ಎಳೆದುಕೊಂಡು ನಡೆಯಲು ಕಲಿಸಿ. ಮರಳಿನಲ್ಲಿ ಹುದುಗಿದ ತೊರಕೆ ಮೀನು ಆ ಸದ್ದಿಗೆ ಸರಿದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ದಂಡೆಗೆ ಬಂದು ಬಿದ್ದ ಕಡಲಹಾವು ಸತ್ತಂತೆ ಕಂಡರೂ ದೂರವಿರಿ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೇ ಹೋದರಾಗದೇ ಎಂದು ಹಲವರು ಕೇಳುತ್ತಾರೆ. ಲಾವಾ ತಣ್ಣಗಾಗಿ ಮೂಡಿದ ಆ ಕಂಬಗಳನ್ನು ಮಕ್ಕಳು ನೋಡಲೇಬೇಕು, ಆದರೆ ಬೇರೆ ದಿನ. ದೋಣಿ ಹೊರಡುವುದು ಅದರದೇ ವೇಳೆಗೆ, ಇಳಿತಕ್ಕಾಗಿ ಅದು ಕಾಯುವುದಿಲ್ಲ.

ಇನ್ನು ಸಿಹಿನೀರಿನ ಮಾತು. ಇದಕ್ಕೆ ಕಾಲ ಬೇರೆ, ಜೂನ್ ಕೊನೆಯಿಂದ ಸೆಪ್ಟೆಂಬರ್. ಮಣಿಪಾಲದ ಸುತ್ತಿನ ಮುರಕಲ್ಲಿನ (ಜಂಬಿಟ್ಟಿಗೆಯ) ಪಾರೆಗಳು, ಅಂದರೆ ಚಪ್ಪಟೆ ಬಂಡೆಯ ಬಯಲುಗಳು, ಬೇಸಗೆಯಲ್ಲಿ ಬೋಳು, ಮಳೆ ಬಿದ್ದೊಡನೆ ಪಾದ ಮುಳುಗುವಷ್ಟು ನೀರಿನ ನೂರಾರು ಕುಣಿಗಳು. ಒಂದೂವರೆ ಸೆಂಟಿಮೀಟರಿನ ಆಸುಪಾಸಿನ ಒಂದು ಕಪ್ಪೆಯನ್ನು ವಿಜ್ಞಾನಿಗಳು ಇಲ್ಲಿಂದಲೇ ಹೊಸ ಪ್ರಭೇದವೆಂದು 2016ರಲ್ಲಿ ವಿವರಿಸಿ, ಮುರಕಲ್ಲಿನ ಹೆಸರನ್ನೇ ಇಟ್ಟು ಮೈಕ್ರೋಹೈಲಾ ಲ್ಯಾಟರೈಟ್ ಎಂದು ಕರೆದರು. ಅದರ ಕೂಗು ಥೇಟ್ ಚಿಮ್ಮಂಡೆಯ ಸದ್ದು. ‘ಬೋಳು ಪಾರೆ’ ಎಂದು ಕಸ ಸುರಿಯುವವರಿಗೆ, ಕಲ್ಲು ಕಡಿಯುವವರಿಗೆ ಈ ಕಪ್ಪೆಯ ವಿಷಯ ಗೊತ್ತಾಗಬೇಕೆಂಬುದು ನನ್ನ ಆಸೆ.

ಚಹಾ ಸೋಸುವ ಜರಡಿಯೊಂದನ್ನು ಕೋಲಿಗೆ ಕಟ್ಟಿ, ಒಂದು ಬಿಳಿ ಪ್ಲಾಸ್ಟಿಕ್ ಟಬ್ ಒಯ್ಯಿರಿ. ಬಿಳಿಯ ಮೇಲೆ ಎಲ್ಲವೂ ಕಾಣುತ್ತದೆ: ಗೊದಮೊಟ್ಟೆಗಳು, ಉಸಿರಿಗೆ ಬಾಲದಂಥ ಕೊಳವೆಯಿರುವ ನೀರುಚೇಳು, ಕೊಡತಿ ಹುಳುವಿನ ಮರಿ. ಗದ್ದೆಯಂಚಿನ ಕೆರೆಯಲ್ಲಿ ನಮಗೆ ಸಿಕ್ಕಿದ್ದ ನೀರುತಿಗಣೆಯ ಬೆನ್ನ ತುಂಬ ಮೊಟ್ಟೆಗಳು ಒತ್ತೊತ್ತಾಗಿ ಅಂಟಿದ್ದವು. ಹೊತ್ತಿರುವುದು ಗಂಡು. ಹೆಣ್ಣು ಮೊಟ್ಟೆಯನ್ನು ಅವನ ಬೆನ್ನಿಗಂಟಿಸಿ ಹೋಗುತ್ತದೆ, ಮರಿಯಾಗುವವರೆಗೆ ಕಾಯುವವನು ಅವನೇ. ಅಣ್ಣನ ಮಗ ‘ಹಾಗಾದರೆ ಇದು ಅಪ್ಪ!’ ಎಂದು ಊರಿಡೀ ಹೇಳಿಕೊಂಡು ಬಂದ. ಬರಿಗೈಯಲ್ಲಿ ಹಿಡಿಯಬೇಡಿ, ನೀರುತಿಗಣೆ ಜೋರಾಗಿ ಚುಚ್ಚುತ್ತದೆ. ನೋಡಿಯಾದ ಮೇಲೆ ನೀರನ್ನೂ ಜೀವಿಯನ್ನೂ ಅದೇ ಕೆರೆಗೆ ಬಿಡಿ. ಕಪ್ಪೆಗಳ ಶಿಲೀಂಧ್ರ ರೋಗ ನೀರಿನೊಂದಿಗೆ ಊರೂರು ದಾಟುತ್ತದೆ.

ಪಾರೆಯಲ್ಲಿ ಕಡಲಿಗಿಂತ ದೊಡ್ಡ ಅಪಾಯ ಕಲ್ಲುಕೋರೆ. ಕಲ್ಲು ಕಡಿದು ಬಿಟ್ಟ ಹೊಂಡ ಮಳೆಗಾಲದಲ್ಲಿ ತುಂಬಿ, ಪಕ್ಕದ ಕುಣಿಯಂತೆಯೇ ಕಾಣುತ್ತದೆ. ಅಂಚು ನೆಟ್ಟಗೆ ಕಡಿದಿರುವುದರಿಂದ ಬಿದ್ದವರಿಗೆ ಹತ್ತಿಬರಲು ಹಿಡಿತವೇ ಸಿಗುವುದಿಲ್ಲ. ಜಾಗ ಬಲ್ಲ ಊರಿನವರಿಲ್ಲದೆ ಹೋಗಬೇಡಿ, ಇಬ್ಬರು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಲಿ. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರವೂ ಇದೆ. ಕಾಲಿನಲ್ಲಿ ಗಾಯವಿರುವ ಮಗುವನ್ನು ನಿಂತ ನೀರಿಗೆ ಇಳಿಸಬೇಡಿ, ಬಂದೊಡನೆ ಸೋಪಿನಿಂದ ಕೈಕಾಲು ತೊಳೆಸಿ. ಊರಿಗೆ ಮರಳಿದ ಎರಡು ಮೂರು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕೆರೆಗೆ ಇಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ.