ಹುಬ್ಬಳ್ಳಿ ಎಪಿಆರ್‌ಎಸ್ ಐಗೇಟ್: ಕೇಳುವ ಭಾಗ ಸಿದ್ಧ

ಎಪಿಆರ್‌ಎಸ್ ಎಂದರೆ ಹವ್ಯಾಸಿ ರೇಡಿಯೊದವರು (ಹ್ಯಾಮ್‌ಗಳು) ತಮ್ಮ ಸ್ಥಾನ, ಸಂದೇಶಗಳನ್ನು ಪ್ಯಾಕೆಟ್‌ಗಳಾಗಿ ಪ್ರಸಾರ ಮಾಡುವ ವ್ಯವಸ್ಥೆ; ಅದನ್ನು ಇಂಟರ್‌ನೆಟ್‌ಗೆ ಸೇರಿಸುವ ಕೊಂಡಿಯೇ ಐಗೇಟ್. ಉಣಕಲ್ ಕಡೆಯ ಮಹಡಿ ಮೇಲಿನ ಐಗೇಟ್ ಸದ್ಯಕ್ಕೆ ಕೇಳುವ ಕೆಲಸವನ್ನಷ್ಟೇ ಮಾಡುತ್ತಿದೆ. ಗಾಡಿಯಲ್ಲಿರುವ ಹ್ಯಾಮ್ ಸ್ಟೇಷನ್ 1200 ಬಾಡ್ ವೇಗದಲ್ಲಿ ಬಿಟ್ಟ ಸ್ಥಾನದ ಪ್ಯಾಕೆಟ್ಟನ್ನು ಹಿಡಿದು ಎಪಿಆರ್‌ಎಸ್-ಐಎಸ್ ಎಂಬ ಇಂಟರ್‌ನೆಟ್ ಜಾಲದ ಸರ್ವರ್‌ಗೆ ದಾಟಿಸುತ್ತದೆ, ಅಲ್ಲಿಂದ ಅದು ನಕ್ಷೆಗೆ ಹೋಗುತ್ತದೆ. ಒಳಗಿರುವುದು ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೊ ರಿಸೀವರ್), ಪ್ಯಾಕೆಟ್ ಬಿಡಿಸುವ ಡೈರ್‌ವುಲ್ಫ್ ತಂತ್ರಾಂಶ.

ಆಂಟೆನಾ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್, ಅಂದರೆ ಕಾಲು ತರಂಗಾಂತರದ ಕಡ್ಡಿ ಮತ್ತು ಅದರ ಬುಡದಲ್ಲಿ ಸುತ್ತ ಹರಡಿದ ಕಡ್ಡಿಗಳು (ರೇಡಿಯಲ್). ನಡುವಿನ ಕಡ್ಡಿ 49 ಸೆಂ.ಮೀ., 45 ಡಿಗ್ರಿ ಕೆಳಗೆ ಬಾಗಿಸಿದ ನಾಲ್ಕು ರೇಡಿಯಲ್‌ಗಳು ತಲಾ 52 ಸೆಂ.ಮೀ. ಆರ್‌ಜಿ-58 ಕೇಬಲ್ಲನ್ನು 15 ಮೀಟರ್ ಎಳೆದರೆ ಈ ಬ್ಯಾಂಡಿನಲ್ಲಿ (144 ಮೆಗಾಹರ್ಟ್ಸ್) ಸುಮಾರು 3 ಡಿಬಿ, ಅಂದರೆ ಸಿಗ್ನಲ್‌ನ ಅರ್ಧ ಶಕ್ತಿ ದಾರಿಯಲ್ಲೇ ಹೋಯಿತು. ಅದಕ್ಕೇ ಪೈ ಮತ್ತು ಡಾಂಗಲ್ ಎರಡನ್ನೂ ಆಂಟೆನಾ ಬುಡದ ಡಬ್ಬಿಯಲ್ಲಿಟ್ಟು ಕೆಳಗೆ ಲ್ಯಾನ್ ಕೇಬಲ್ ಮಾತ್ರ ಇಳಿಸಿದ್ದು. ಡಬ್ಬಿಗೆ ನೆರಳು ಬೇಕೇ ಬೇಕು.

ಕಾವು ಕೇವಲ ಪೈಗೆ ತೊಂದರೆ ಅಲ್ಲ. ಅಗ್ಗದ ಡಾಂಗಲ್‌ನ ಕ್ರಿಸ್ಟಲ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ಸರಿದರೆ 144 ಮೆಗಾಹರ್ಟ್ಸ್‌ನಲ್ಲಿ 7 ಕಿಲೋಹರ್ಟ್ಸ್ ದಾಟುತ್ತದೆ. ಶಬ್ದ ಕೇಳುತ್ತದೆ, ಪ್ಯಾಕೆಟ್ ಬಿಡಿಸಿಕೊಳ್ಳುವುದಿಲ್ಲ. ಟಿಸಿಎಕ್ಸ್‌ಒ (ಕಾವಿಗೆ ಹೆಚ್ಚು ಸರಿಯದ ಕ್ರಿಸ್ಟಲ್) ಇರುವ ಡಾಂಗಲ್ಲಿಗೆ ಕೊಡುವ ಹೆಚ್ಚಿನ ದುಡ್ಡು ವ್ಯರ್ಥವಲ್ಲ. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಪೂರ್ತಿ ಏರಿಸಬೇಡಿ. ಊರಿನ ಎಫ್‌ಎಂ ಪ್ರಸಾರ ಡಾಂಗಲ್ಲನ್ನು ತುಂಬಿಬಿಟ್ಟರೆ ಸಣ್ಣ ಸಿಗ್ನಲ್ ಮುಳುಗುತ್ತದೆ. 88–108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಆಂಟೆನಾ ಮತ್ತು ಡಾಂಗಲ್ ನಡುವೆ ಕೂರಲಿ.

ಡೈರ್‌ವುಲ್ಫ್ ಪ್ರತಿ ಪ್ಯಾಕೆಟ್ಟಿಗೂ ಆಡಿಯೊ ಮಟ್ಟ ತೋರಿಸುತ್ತದೆ, 50ರ ಆಸುಪಾಸು ಇರಬೇಕು. ಪಕ್ಕದ ಆವರಣದಲ್ಲಿ ಎರಡು ಅಂಕಿ ಬರುತ್ತವೆ, 20/11 ಎಂಬಂತೆ: ಮೊದಲನೆಯದು 1200 ಹರ್ಟ್ಸ್ ಸ್ವರದ್ದು, ಎರಡನೆಯದು 2200ರದ್ದು. ಎಲ್ಲ ಸ್ಟೇಷನ್‌ಗಳಲ್ಲೂ ಎರಡನೆಯದು ಸೊರಗಿದ್ದರೆ ದೋಷ ನಮ್ಮ ರಿಸೀವರ್‌ನಲ್ಲಿ. ಡೀ-ಎಂಫಸಿಸ್ (ಎತ್ತರದ ಸ್ವರವನ್ನು ತಗ್ಗಿಸುವ) ಆಯ್ಕೆ ಚಾಲೂ ಇದೆಯೇ ನೋಡಿ. ಒಬ್ಬರದು ಮಾತ್ರ ಹಾಗಿದ್ದರೆ ಅವರ ರೇಡಿಯೊ ನೋಡಬೇಕು.

ಅಕ್ಷಾಂಶ-ರೇಖಾಂಶದಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಪ್ಯಾಕೆಟ್ಟಿನೊಳಗೆ ಹೋಗುವುದು ಡಿಗ್ರಿ ಮತ್ತು ಮಿನಿಟು, ದಶಮಾಂಶ ಡಿಗ್ರಿ ಅಲ್ಲ. ಹುಬ್ಬಳ್ಳಿಯ 15.3647, 75.1240 ಎಂಬುದು 1521.88 ಉತ್ತರ, 07507.44 ಪೂರ್ವ ಆಗಬೇಕು. ದಶಮಾಂಶವನ್ನು 60ರಿಂದ ಗುಣಿಸಿದರೆ ಮಿನಿಟು ಸಿಗುತ್ತದೆ. ಚುಕ್ಕಿ ಮಾತ್ರ ಸರಿಸಿ 1536.47, 07512.40 ಎಂದು ಬರೆದರೆ ಸ್ಟೇಷನ್ 28 ಕಿ.ಮೀ. ಹಾರಿ ಸವದತ್ತಿ–ನವಲಗುಂದದ ನಡುವಿನ ಹೊಲದಲ್ಲಿ ನಿಲ್ಲುತ್ತದೆ. ಮೊಬೈಲ್‌ನ ನಕ್ಷೆಯಿಂದ ಅಂಕಿ ಎತ್ತಿಕೊಂಡವರು ಇಲ್ಲೇ ಎಡವುವುದು.

ನಕ್ಷೆಯನ್ನೇ ಪ್ರಮಾಣ ಎಂದು ನಂಬಬೇಡಿ, ಇದನ್ನು ಒತ್ತಿ ಹೇಳಬೇಕು. ಒಂದೇ ಪ್ಯಾಕೆಟ್ಟನ್ನು ಧಾರವಾಡದ ಐಗೇಟೂ ಹುಬ್ಬಳ್ಳಿಯದೂ ಕೇಳಿದರೆ, ಮೊದಲು ತಲುಪಿಸಿದವರ ಹೆಸರಷ್ಟೇ ಉಳಿಯುತ್ತದೆ. ಸುಮಾರು 30 ಸೆಕೆಂಡಿನೊಳಗೆ ಬಂದ ನಕಲನ್ನು ಸರ್ವರ್ ಬಿಸಾಡುತ್ತದೆ. ಇಂಟರ್‌ನೆಟ್ ನಿಧಾನವಿದ್ದ ಐಗೇಟ್ ಕಿವುಡಾಗಿರುವಂತೆ ಕಾಣುತ್ತದೆ. ಆಂಟೆನಾ ಬದಲಿಸಿದ ಮೇಲೆ ಹೋಲಿಸಬೇಕಿದ್ದರೆ ಪೈಯೊಳಗಿನ ಡೈರ್‌ವುಲ್ಫ್ ಲಾಗ್ ನೋಡಿ. ಅದರಲ್ಲೂ ನೇರವಾಗಿ ಕೇಳಿದ್ದನ್ನೂ ಡಿಜಿಪೀಟರ್ (ಕೇಳಿದ ಪ್ಯಾಕೆಟ್ಟನ್ನು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ಮೂಲಕ ಬಂದದ್ದನ್ನೂ ಬೇರೆ ಮಾಡಿ ಎಣಿಸಿ.

ಕರೆಂಟ್ ಹೋದಾಗ ಮೆಮೊರಿ ಕಾರ್ಡ್ ಕೆಡದಂತೆ 12 ವೋಲ್ಟ್ ಬ್ಯಾಟರಿ, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಹಾಕಿದ್ದಾಗಿದೆ. ಕನ್ವರ್ಟರಿನ ಗದ್ದಲ ರಿಸೀವರಿಗೆ ನುಗ್ಗುತ್ತದೆ, ಅದನ್ನು ಆಂಟೆನಾದಿಂದ ದೂರವಿಟ್ಟು ತಂತಿಗೆ ಗದ್ದಲ ತಡೆಯುವ ಫೆರೈಟ್ ಹಾಕಿ.

ಮುಂದಿನ ಹಂತ ಪ್ರಸಾರ. ಬರೀ ಕೇಳುವ ಐಗೇಟ್ ನೆಟ್‌ನಿಂದ ಬಂದ ಸಂದೇಶವನ್ನು ಗಾಡಿಗೆ ತಲುಪಿಸಲಾರದು. ಗದಗ ಕಡೆ ವ್ಯಾಪ್ತಿಗೆ ಕಪ್ಪತಗುಡ್ಡ ಆಸೆ ಹುಟ್ಟಿಸುತ್ತದೆ, ಆದರೆ ಅದು 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಕಂಬ ನೆಡುವ ಮಾತೇ ಇಲ್ಲ. ಹಾಗಾಗಿ ಪ್ರಸಾರ ಶುರುವಾದಾಗ ಮನೆ ಮಹಡಿಯಿಂದಲೇ, ವೈಡ್1-1ಕ್ಕೆ (ಹತ್ತಿರದ ಸ್ಟೇಷನ್ ಒಮ್ಮೆ ಮರುಪ್ರಸಾರ ಮಾಡಲಿ ಎಂಬ ಕೋರಿಕೆಗೆ) ಮಾತ್ರ ಉತ್ತರಿಸುವ ಡಿಜಿಪೀಟರ್. ಒಂದು ಪ್ಯಾಕೆಟ್ ಮುಕ್ಕಾಲು ಸೆಕೆಂಡಿಗೂ ಹೆಚ್ಚು ಗಾಳಿಯಲ್ಲಿರುತ್ತದೆ, ಆದ್ದರಿಂದ ನೆಟ್‌ನಿಂದ ರೇಡಿಯೊಗೆ ಬಿಡುವ ಮಿತಿ ನಿಮಿಷಕ್ಕೆ 6, ಐದು ನಿಮಿಷಕ್ಕೆ 10 ಎಂದೇ ಇರುತ್ತದೆ.